ಶಾಲೆಯೋ ಅಂಗಡಿಯೋ? — ಲಾಸ್ ಏಂಜಲೀಸ್ ನಗರದ ಹಾಸ್ಯಗಾರರ ಮುಷ್ಕರ, ೧೯೭೯

ಕಲೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಲಾವಿದರ ಪ್ರತಿಭೆಯನ್ನೂ ಕೃತಿಗಳ ಗುಣದೋಷಗಳನ್ನೂ ವಿಸ್ತಾರವಾಗಿ ವಿವೇಚಿಸುತ್ತಾರೆ. ಆ ಕಲೆ ಯಾರ ಮನೆಯಲ್ಲಿ ನಡೆಯಿತು, ಬಾಗಿಲಲ್ಲಿ ಕೂಡಿದ ಹಣ ಯಾರ ಕೈಸೇರಿತು ಎಂಬ ಪ್ರಶ್ನೆಗಳನ್ನು ಅಷ್ಟಾಗಿ ಎತ್ತುವುದಿಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ೧೯೭೯ರ ವಸಂತಕಾಲದಲ್ಲಿ ನಡೆದ ಹಾಸ್ಯಗಾರರ ಮುಷ್ಕರವು ಈ ಪ್ರಶ್ನೆಗಳನ್ನು ತಾನಾಗಿಯೇ ಎತ್ತಿತು. ಆ ಮುಷ್ಕರದ ಹಿನ್ನೆಲೆಯನ್ನೂ ಅದರಲ್ಲಿ ಎದುರುಬದುರಾಗಿ ನಿಂತ ಎರಡು ವಾದಗಳನ್ನೂ ಪರಿಶೀಲಿಸುವುದು ಈ ಕಿರುಲೇಖನದ ಉದ್ದೇಶ.

೧

'ಸ್ಟ್ಯಾಂಡ್-ಅಪ್' ಎಂದು ಹೆಸರಾಗಿರುವ ಹಾಸ್ಯಕಲೆಯಲ್ಲಿ ಒಬ್ಬನೇ ಕಲಾವಿದನು ಪ್ರೇಕ್ಷಕರೆದುರು ನಿಂತು ಮಾತಿನ ಬಲದಿಂದಲೇ ಅವರನ್ನು ನಗಿಸಬೇಕು. ಹರಿಕಥೆಯ ದಾಸರಿಗಿರುವ ತಾಳ, ಹಿಮ್ಮೇಳಗಳ ಆಸರೆಯಾಗಲಿ, ನಾಟಕದ ವಿದೂಷಕನಿಗಿರುವ ಕಥೆಯ ಆಸರೆಯಾಗಲಿ ಇವನಿಗಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಇಂಥ ಹಾಸ್ಯಗಾರರು ಬಹುಮಟ್ಟಿಗೆ ರಾತ್ರಿ ಕ್ಲಬ್ಬುಗಳಲ್ಲಿ ಗಾಯಕರ ಮತ್ತು ನರ್ತಕಿಯರ ನಡುವೆ ಬಂದುಹೋಗುವ ಉಪಕಲಾವಿದರಾಗಿದ್ದರು. ಹಾಸ್ಯಕ್ಕೆಂದೇ ಪ್ರತ್ಯೇಕವಾದ ಮನೆ ಇರಬಹುದೆಂಬ ಕಲ್ಪನೆ ತೀರ ಈಚಿನದು. ೧೯೬೩ರಲ್ಲಿ ಬಡ್ ಫ್ರೀಡ್‌ಮನ್ ಎಂಬವರು ನ್ಯೂಯಾರ್ಕಿನಲ್ಲಿ 'ಇಂಪ್ರೂವ್' ಎಂಬ ತಾಣವನ್ನು ತೆರೆದಾಗಲೂ ನಾಟಕ ಮುಗಿಸಿ ಬಂದ ಕಲಾವಿದರು ಕಾಫಿ ಕುಡಿದು ಹಾಡಿಕೊಂಡಿರಲಿ ಎಂಬುದಷ್ಟೇ ಅವರ ಎಣಿಕೆಯಾಗಿತ್ತು. ಕಾಲಕ್ರಮದಲ್ಲಿ ಹಾಸ್ಯಗಾರರು ಅದನ್ನು ತಮ್ಮದಾಗಿಸಿಕೊಂಡರು.

ಲಾಸ್ ಏಂಜಲೀಸಿನಲ್ಲಿ ಇಂಥ ಮನೆಗಳಲ್ಲಿ ಪ್ರಮುಖವಾದದ್ದು 'ಕಾಮಿಡಿ ಸ್ಟೋರ್'. ಸನ್‌ಸೆಟ್ ರಾಜಮಾರ್ಗದಲ್ಲಿ ೧೯೪೦ರಿಂದ ಚಲನಚಿತ್ರ ತಾರೆಯರ ವಿಹಾರಸ್ಥಾನವಾಗಿ ಮೆರೆದಿದ್ದ 'ಸೀರೋಸ್' ಎಂಬ ಕ್ಲಬ್ಬಿನ ಕಟ್ಟಡದಲ್ಲಿ, ೧೯೭೨ರ ಏಪ್ರಿಲ್ ತಿಂಗಳಲ್ಲಿ ಸ್ಯಾಮಿ ಶೋರ್ ಎಂಬ ಹಾಸ್ಯಗಾರರು ರೂಡಿ ಡಿಲೂಕಾ ಎಂಬ ಲೇಖಕರೊಡನೆ ಇದನ್ನು ಪ್ರಾರಂಭಿಸಿದರು. ದಂಪತಿಗಳ ವಿವಾಹ ವಿಚ್ಛೇದನದ ಫಲವಾಗಿ ಅದು ಸ್ಯಾಮಿಯವರ ಪತ್ನಿ ಮಿಟ್ಸಿ ಶೋರ್ ಅವರ ವಶಕ್ಕೆ ಬಂದಿತು. ಈಕೆ ಅಸಾಧಾರಣ ವ್ಯವಹಾರ ಚತುರೆ. ೧೯೭೬ರಲ್ಲಿ ಇಡೀ ಕಟ್ಟಡವನ್ನೇ ಕೊಂಡು, ಮೂಲ ಕೊಠಡಿಯ ಜೊತೆಗೆ ದೊಡ್ಡದೊಂದು ಸಭಾಂಗಣವನ್ನೂ ಬಳಕೆಗೆ ತಂದರು. ೧೯೭೮ರಲ್ಲಿ ಸ್ತ್ರೀ ಹಾಸ್ಯಗಾರರಿಗೆಂದೇ ಮಹಡಿಯ ಮೇಲೆ ಒಂದು ಚಿಕ್ಕ ಕೊಠಡಿಯನ್ನು ಮೀಸಲಿಟ್ಟರು.

ಕಾಲವೂ ಅವರಿಗೆ ಅನುಕೂಲವಾಗಿತ್ತು. ಜಾನಿ ಕಾರ್ಸನ್ ನಡೆಸುತ್ತಿದ್ದ 'ಟುನೈಟ್ ಷೋ' ಎಂಬ ಸುಪ್ರಸಿದ್ಧ ಟೆಲಿವಿಷನ್ ಕಾರ್ಯಕ್ರಮವು ಅದೇ ೧೯೭೨ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿನ ಸಮೀಪದ ಬರ್ಬ್ಯಾಂಕಿಗೆ ಸ್ಥಳಾಂತರಗೊಂಡಿತು. ಅದರೊಂದಿಗೆ ಹಾಸ್ಯಗಾರರ ಭಾಗ್ಯದ ಬಾಗಿಲೂ ಪಶ್ಚಿಮ ತೀರಕ್ಕೆ ಸರಿಯಿತೆನ್ನಬಹುದು. ೧೯೭೩ರ ಡಿಸೆಂಬರಿನಲ್ಲಿ ಆ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಫ್ರೆಡ್ಡಿ ಪ್ರಿಂಜ್ ಎಂಬ ತರುಣನು ಮರುವರ್ಷವೇ ಧಾರಾವಾಹಿಯ ನಾಯಕನಾದುದನ್ನು ಕಂಡು, ದೇಶದ ಮೂಲೆಮೂಲೆಗಳಿಂದ ಯುವಕರು ಈ ನಗರಕ್ಕೆ ಧಾವಿಸಿದರು. ಫ್ರೀಡ್‌ಮನ್ನರೂ ೧೯೭೫ರಲ್ಲಿ ಇಲ್ಲಿ ತಮ್ಮ ಶಾಖೆಯನ್ನು ತೆರೆದರು.

೨

ಈ ತಾಣಗಳ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು. ಪ್ರೇಕ್ಷಕರು ಪ್ರವೇಶಧನವನ್ನು ಕೊಟ್ಟು, ಒಳಗೆ ಪಾನೀಯಗಳನ್ನು ಕೊಂಡು ಕುಡಿಯುತ್ತಿದ್ದರು. ಪಾನೀಯ ತಂದುಕೊಡುವ ಪರಿಚಾರಿಕೆಗೆ ಸಂಬಳವುಂಟು. ನೆಲ ಗುಡಿಸುವವನಿಗೆ ಸಂಬಳವುಂಟು. ಯಾರ ಮಾತನ್ನು ಕೇಳಲು ಜನ ಬಂದಿದ್ದರೋ ಆ ಹಾಸ್ಯಗಾರನಿಗೆ ಮಾತ್ರ ಏನೂ ಇಲ್ಲ. ಚಪ್ಪಾಳೆಯ ಸುರಿಮಳೆಯ ನಡುವೆ ವೇದಿಕೆಯಿಂದ ಇಳಿದವನು ಮರುದಿನದ ತಿಂಡಿಗೆ ಗೆಳೆಯರಲ್ಲಿ ಕೈಗಡ ಬೇಡುವ ಸ್ಥಿತಿಯೂ ಇತ್ತು.

ಇದಕ್ಕೆ ಮಿಟ್ಸಿ ಶೋರ್ ಅವರು ಕೊಟ್ಟ ಸಮಾಧಾನ ವಿಚಾರಾರ್ಹವಾದುದು. ಕಾಮಿಡಿ ಸ್ಟೋರ್ ಒಂದು ಉದ್ಯೋಗಸ್ಥಳವಲ್ಲ, ಅದೊಂದು ಕಾಲೇಜು. ಅಲ್ಲಿ ಹಾಸ್ಯಗಾರರು ಕಲಿಯಲು ಬರುತ್ತಾರೆ, ಎಡವುತ್ತಾರೆ, ತಿದ್ದಿಕೊಳ್ಳುತ್ತಾರೆ. ಟೆಲಿವಿಷನ್ನಿನವರ ಕಣ್ಣಿಗೆ ಬೀಳುವ ಅವಕಾಶವೇ ಅವರಿಗೆ ದೊರೆಯುವ ಫಲ ಎಂಬುದು ಅವರ ವಾದ.

ಈ ವಾದವನ್ನು ಬರಿಯ ಜಿಪುಣತನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಯಾರನ್ನು ವೇದಿಕೆಗೆ ಹತ್ತಿಸಬೇಕು, ಯಾವ ವೇಳೆಯಲ್ಲಿ, ಯಾರ ಹಿಂದೆ ಎಂಬುದನ್ನು ಆಕೆಯೇ ನಿರ್ಧರಿಸುತ್ತಿದ್ದರು. ಆ ಕ್ರಮದಲ್ಲಿ ಒಂದು ಬಗೆಯ ಶಿಕ್ಷಣವಿತ್ತು. ರಿಚರ್ಡ್ ಪ್ರಯರ್‌ನಂಥ ಪ್ರಸಿದ್ಧನೂ ತನ್ನ ಹೊಸ ಮಾತುಗಳನ್ನು ಈ ವೇದಿಕೆಯಲ್ಲಿ ಒರೆಗೆ ಹಚ್ಚುತ್ತಿದ್ದನು. ರಾಬಿನ್ ವಿಲಿಯಮ್ಸ್, ಡೇವಿಡ್ ಲೆಟರ್‌ಮನ್, ಜೇ ಲೆನೋ ಮೊದಲಾದವರು ಬೆಳೆದುದು ಇಂಥ ವೇದಿಕೆಗಳಲ್ಲಿಯೇ. ಪ್ರೇಕ್ಷಕನಿಲ್ಲದೆ ಈ ಕಲೆಯ ಅಭ್ಯಾಸವೇ ಸಾಧ್ಯವಿಲ್ಲ. ಗಾಯಕನು ಕೋಣೆಯ ಕದವಿಕ್ಕಿಕೊಂಡು ಸಾಧನೆ ಮಾಡಬಹುದು; ಹಾಸ್ಯಗಾರನಿಗೆ ಅದು ಆಗದು. ನಗುವವರು ಎದುರಿಗಿದ್ದರೆ ಮಾತ್ರ ಮಾತು ಗೆದ್ದಿತೋ ಸೋತಿತೋ ತಿಳಿಯುತ್ತದೆ.

ಆದರೆ ದೊಡ್ಡ ಸಭಾಂಗಣದ ವಿಷಯದಲ್ಲಿ ಈ ವಾದ ನಿಲ್ಲಲಿಲ್ಲ. ಆ ಸಭಾಂಗಣಕ್ಕೆ ಮೊದಮೊದಲು ಹೊರಗಿನ ಪ್ರಸಿದ್ಧ ಕಲಾವಿದರನ್ನು ಹಣ ಕೊಟ್ಟು ಕರೆಸಲಾಗುತ್ತಿತ್ತು. ಅನಂತರ ಅದೇ ವೇದಿಕೆಯ ಮೇಲೆ ಮನೆಯ ಹಾಸ್ಯಗಾರರನ್ನೇ ನಿಲ್ಲಿಸಿದಾಗ, ಪ್ರೇಕ್ಷಕರಿಂದ ಹಣ ಪಡೆದರೂ ಅವರಿಗೆ ಸಂಭಾವನೆಯನ್ನು ಕೊಡಲಿಲ್ಲ. ವೇದಿಕೆ ಒಂದೇ, ಕೆಲಸವೂ ಒಂದೇ. ಒಬ್ಬನು ಕಲಾವಿದ, ಇನ್ನೊಬ್ಬನು ವಿದ್ಯಾರ್ಥಿ ಎಂಬ ಭೇದಕ್ಕೆ ಆಧಾರವೇನು? ಮುಷ್ಕರದ ನಿಜವಾದ ಬೀಜ ಇಲ್ಲಿದೆಯೆಂದು ನಾವು ಭಾವಿಸುತ್ತೇವೆ. ಬಡತನವನ್ನು ಅವರು ಬಹುಕಾಲದಿಂದ ಸಹಿಸಿದ್ದರು. ಈ ತಾರತಮ್ಯ ಹೊಸದಾಗಿತ್ತು.

೩

ಟಾಮ್ ಡ್ರೀಸನ್ ಎಂಬ ಹಾಸ್ಯಗಾರರ ಮುಂದಾಳುತನದಲ್ಲಿ ಕಲಾವಿದರು ಸಂಘಟಿತರಾಗಿ, ೧೯೭೯ರ ಮಾರ್ಚ್ ತಿಂಗಳ ಕೊನೆಯಲ್ಲಿ ಮುಷ್ಕರ ಹೂಡಿದರು. ಕಾಸಿಲ್ಲದೆ ನಗೆಯಿಲ್ಲ ಎಂಬರ್ಥದ ಪ್ರಾಸಬದ್ಧ ಫಲಕಗಳನ್ನು ಹಿಡಿದು ಸನ್‌ಸೆಟ್ ರಾಜಮಾರ್ಗದಲ್ಲಿ ನಿಂತವರ ಪೈಕಿ ಲೆನೋ, ಲೆಟರ್‌ಮನ್ ಇಬ್ಬರೂ ಇದ್ದರು. ಮಿಟ್ಸಿಯವರ ಮನೆಯಲ್ಲಿ ನಿರೂಪಕನಾಗಿ ಬೆಳೆದು, ಆಗಲೇ ಕಾರ್ಸನ್ನರ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಿದ್ದ ಲೆಟರ್‌ಮನ್‌ಗೆ ಈ ಚಿಲ್ಲರೆ ಹಣದಿಂದ ಆಗಬೇಕಾದುದೇನೂ ಇರಲಿಲ್ಲ; ಆದರೂ ಅವರು ಗೆಳೆಯರ ಪಕ್ಷದಲ್ಲಿ ನಿಂತುದು ಗಮನಾರ್ಹ. ಇನ್ನು ಕೆಲವರು ಮಿಟ್ಸಿಯವರ ಋಣವನ್ನು ನೆನೆದು ಸಾಲನ್ನು ದಾಟಿ ಒಳಗೆ ಹೋದರು. ಹೀಗೆ ಒಂದೇ ಕೊಠಡಿಯಲ್ಲಿ ಹಂಚಿಕೊಂಡು ಬಾಳಿದ ಸ್ನೇಹಿತರು ಇಬ್ಭಾಗವಾದರು.

ಕಾನೂನಿನ ದೃಷ್ಟಿಯಿಂದಲೂ ಇವರ ಸ್ಥಾನ ತೊಡಕಿನದಾಗಿತ್ತು. ಕಾರ್ಮಿಕರ ಸಂಘಟನೆಗೆ ರಕ್ಷಣೆಯಿತ್ತ ೧೯೩೫ರ ಅಮೆರಿಕನ್ ಕಾಯಿದೆಗೆ ೧೯೪೭ರಲ್ಲಿ ಬಂದ ಟಾಫ್ಟ್-ಹಾರ್ಟ್‌ಲಿ ತಿದ್ದುಪಡಿಯು ಸ್ವತಂತ್ರ ಗುತ್ತಿಗೆದಾರರನ್ನು ಆ ರಕ್ಷಣೆಯಿಂದ ಹೊರಗಿಟ್ಟಿತು. ಒಂದೇ ರಾತ್ರಿ ಇಲ್ಲಿ ಹದಿನೈದು ನಿಮಿಷ, ಅಲ್ಲಿ ಹದಿನೈದು ನಿಮಿಷ ಮಾತನಾಡಿ ಹೋಗುವವನು ಯಾರ ನೌಕರ? ಕಾಯಿದೆಯ ಬಲ ಸಂದಿಗ್ಧವಾಗಿದ್ದುದರಿಂದ ಅವರಿಗಿದ್ದ ಆಯುಧ ಒಂದೇ: ಮೌನ.

ಸುಮಾರು ಆರು ವಾರಗಳ ಬಳಿಕ, ಮೇ ತಿಂಗಳ ಆದಿಭಾಗದಲ್ಲಿ ಒಪ್ಪಂದವಾಯಿತು. ಪ್ರತಿ ಸರದಿಗೆ ೨೫ ಡಾಲರುಗಳು ಗೊತ್ತಾದವು. ಮೊತ್ತ ಅಲ್ಪವೇ ಸರಿ. ಆದರೆ ಹಾಸ್ಯಗಾರನ ಮಾತು ಕೂಲಿಗೆ ತಕ್ಕ ಕೆಲಸವೆಂಬುದನ್ನು ಅದು ಅಂಗೀಕರಿಸಿತು.

ಗೆಲುವಿನ ಬೆನ್ನಲ್ಲೇ ದುಃಖವೂ ಬಂದಿತು. ಮುಷ್ಕರದಲ್ಲಿ ಭಾಗವಹಿಸಿದವರಲ್ಲಿ ಕೆಲವರು ತಮಗೆ ಸರದಿಗಳು ಕಡಿಮೆಯಾದುವೆಂದು ದೂರಿದರು. ಅವರಲ್ಲೊಬ್ಬರಾದ ಸ್ಟೀವ್ ಲುಬೆಟ್ಕಿನ್ ೧೯೭೯ರ ಜೂನ್ ೧ರಂದು ಆತ್ಮಹತ್ಯೆ ಮಾಡಿಕೊಂಡರು. ಇಂಥ ಸಾವಿಗೆ ಒಂದೇ ಕಾರಣವನ್ನು ಹಚ್ಚುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆದರೆ ಸರದಿಯನ್ನು ಕೊಡುವ ಅಧಿಕಾರವು ಒಪ್ಪಂದದ ಅನಂತರವೂ ಒಬ್ಬರ ಕೈಯಲ್ಲೇ ಉಳಿದಿತ್ತು, ಒಪ್ಪಂದದಲ್ಲಿ ಕೂಲಿ ನಿಗದಿಯಾದರೂ ಕೆಲಸದ ಭರವಸೆ ಹುಟ್ಟಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

೪

ಮುಷ್ಕರ ಮುಗಿದ ಅದೇ ಮೇ ತಿಂಗಳಲ್ಲಿ, ಲಾಸ್ ಏಂಜಲೀಸಿನ ಮಾದರಿಯಿಂದ ಪ್ರೇರಿತರಾದ ಪೀಟರ್ ರೋಸೆನ್‌ಗಾರ್ಡ್ ಎಂಬವರು ಡಾನ್ ವಾರ್ಡ್ ಅವರೊಡನೆ ಲಂಡನ್ನಿನ ಸೋಹೋದಲ್ಲಿ ಅದೇ ಹೆಸರಿನ ಬೇರೊಂದು ತಾಣವನ್ನು ತೆರೆದರು; ೨೦೧೦ರಲ್ಲಿ ಲಂಡನ್ನಿನ ಆ ಹೆಸರು ಮುಂಬಯಿಗೂ ಬಂದಿತು. ಹೀಗೆ ಈ ಬಗೆಯ ಮನೆ ನಮ್ಮ ದೇಶದ ಮಹಾನಗರಗಳಿಗೂ ಪರಿಚಿತವಾಗಿದೆ. ಮಿಟ್ಸಿ ಶೋರ್ ೨೦೧೮ರಲ್ಲಿ ತೀರಿಕೊಂಡಾಗ, ಹಿಂದೆ ಆಕೆಯ ಎದುರು ನಿಂತಿದ್ದವರೂ ಆಕೆಯ ಉಪಕಾರವನ್ನು ಸ್ಮರಿಸದಿರಲಿಲ್ಲ.

ಆ ಮನೆ ಶಾಲೆಯೋ ಅಂಗಡಿಯೋ ಎಂಬ ಪ್ರಶ್ನೆಗೆ, ಎರಡೂ ಆಗಿತ್ತೆಂಬುದೇ ನಮ್ಮ ಉತ್ತರ. ಕಲಿಯುವವನ ತಪ್ಪನ್ನು ಸಹಿಸಿದಷ್ಟರ ಮಟ್ಟಿಗೆ ಅದು ಶಾಲೆ. ಕಲಿತವನ ಮಾತನ್ನು ಹಣಕ್ಕೆ ಮಾರಿದಷ್ಟರ ಮಟ್ಟಿಗೆ ಅಂಗಡಿ. ವಿದ್ಯಾರ್ಥಿಯ ಕಲಿಕೆ ಯಾವಾಗ ಮುಗಿಯಿತೆಂಬುದನ್ನು ನಿರ್ಣಯಿಸುವ ಹಕ್ಕು, ಕಲಿಕೆ ಮುಗಿಯದಿದ್ದರೆ ಲಾಭ ಪಡೆಯುವವರ ಕೈಯಲ್ಲೇ ಇದ್ದುದು ಆ ವ್ಯವಸ್ಥೆಯ ದೋಷ. ಅನುಭವವೇ ಸಂಭಾವನೆಯೆಂದು ತರುಣರಿಗೆ ಹೇಳುವ ಸಂಸ್ಥೆಗಳು ನಾಟಕ, ಪತ್ರಿಕೆ, ವಿದ್ಯಾಲಯಗಳೆಂಬ ಭೇದವಿಲ್ಲದೆ ಎಲ್ಲೆಡೆಯೂ ಉಂಟು. ಅವುಗಳ ಚರಿತ್ರೆಯನ್ನು ಬರೆಯಹೊರಡುವ ನಮ್ಮ ವಿದ್ಯಾರ್ಥಿಗಳು ವೇದಿಕೆಯ ಜೊತೆಗೆ ಲೆಕ್ಕದ ಪುಸ್ತಕವನ್ನೂ ತೆರೆದು ನೋಡಬೇಕೆಂದು ಸೂಚಿಸಿ ಈ ಲೇಖನವನ್ನು ಮುಗಿಸುತ್ತೇವೆ.