ಅಟ್ಟದ ಕೊಬ್ಬರಿ, ಸರಾಸರಿಯ ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಬಲಿತ ತೆಂಗಿನಕಾಯಿ ಸಿಪ್ಪೆ ಸಮೇತ ಅಟ್ಟ ಸೇರುತ್ತದೆ. ತಿಂಗಳುಗಟ್ಟಲೆ ಒಣಗಿ, ಅಲ್ಲಾಡಿಸಿದಾಗ ಒಳಗೆ ಕೊಬ್ಬರಿ ಉರುಳುವ ಸದ್ದು ಕೇಳಿಸಿದ ಮೇಲೆ ಸುಲಿದು ಒಡೆಯುತ್ತಾರೆ. ಉಂಡೆ ಕೊಬ್ಬರಿಯ ಚೀಲಗಳು ತಿಪಟೂರು ಎಪಿಎಂಸಿ ಹರಾಜಿಗೆ ಹೋಗುವುದು ಮನೆಯ ಖರ್ಚು ನೋಡಿಕೊಂಡು, ಕಂತುಕಂತಾಗಿ. ಹೀಗೆ ಮಾರುವ ಬೆಳೆಗಾರನ ವರ್ಷದ ಆದಾಯ ನಿಂತಿರುವುದು ಯಾವುದೋ ಒಂದು ದಿನದ ದರದ ಮೇಲಲ್ಲ, ಸರಾಸರಿಯ ಮೇಲೆ.

ದರ ಮೊದಲೇ ಗೊತ್ತುಮಾಡಿದ ಗೆರೆ ದಾಟಿದರೆ ಕೊಂಡವರಿಗೆ ಹಣ ಕೊಡುವ ಕರಾರಿಗೆ ಹಣಕಾಸು ಪೇಟೆಯಲ್ಲಿ ಆಪ್ಷನ್ ಎನ್ನುತ್ತಾರೆ. ಸರಾಸರಿ ಬೆಲೆಗೇ ಕಟ್ಟಿದ ಆಪ್ಷನ್ ಕೂಡ ಅಲ್ಲಿದೆ. 1987ರಲ್ಲಿ ಟೋಕಿಯೊದಲ್ಲಿದ್ದಾಗ ಬ್ಯಾಂಕರ್ಸ್ ಟ್ರಸ್ಟ್‌ನ ಮಾರ್ಕ್ ಸ್ಟ್ಯಾಂಡಿಶ್ ಮತ್ತು ಡೇವಿಡ್ ಸ್ಪಾಟನ್ ಕಚ್ಚಾ ತೈಲದ ಸರಾಸರಿ ದರಕ್ಕೆ ಕಟ್ಟಿದ ಅಂಥ ಆಪ್ಷನ್ನಿಗೆ ಬೆಲೆಯ ಲೆಕ್ಕ ಹೊಂದಿಸಿದರು. ‘ಏಷ್ಯನ್ ಆಪ್ಷನ್’ ಎಂಬ ಹೆಸರು ಬಂದದ್ದು ಅಲ್ಲಿಂದ.

ಸಾಮಾನ್ಯ ಆಪ್ಷನ್ನಿಗೆ ಬೆಲೆ ಕಟ್ಟುವ 1973ರ ಬ್ಲ್ಯಾಕ್–ಶೋಲ್ಸ್ ಸೂತ್ರ ಇಲ್ಲಿ ನೇರವಾಗಿ ಒಗ್ಗದು. ಆ ಸೂತ್ರದ ಊಹೆಯಂತೆ ನಡೆಯುವ ದರಗಳನ್ನು ಗುಣಿಸಿದರೆ ಗಣಿತ ಸರಳ, ಕೂಡಿಸಿದರೆ ಕೈಕೊಡುತ್ತದೆ. 1990ರಲ್ಲಿ ಕೆಮ್ನಾ ಮತ್ತು ವೋರ್ಸ್ಟ್, ದರಗಳನ್ನು ಗುಣಿಸಿ ತೆಗೆಯುವ ಗುಣೋತ್ತರ ಸರಾಸರಿಗೆ ಸಿಗುವ ನಿಖರ ಉತ್ತರವನ್ನು ಆಸರೆ ಮಾಡಿಕೊಂಡು, ಕಂಪ್ಯೂಟರ್‌ನಲ್ಲಿ ಸಾವಿರಾರು ದರದ ಹಾದಿಗಳನ್ನು ಸೃಷ್ಟಿಸಿ, ಸಾಮಾನ್ಯ ಸರಾಸರಿಯ ಆಪ್ಷನ್‌ಗೆ ಬೆಲೆ ಕಟ್ಟಿದರು.

ಬೆಲೆ ಸಿಕ್ಕರೆ ಅರ್ಧ ಕೆಲಸವಷ್ಟೇ. ಆಪ್ಷನ್ ಮಾರಿದವರಿಗೆ ಪೇಟೆ ದರ ಕದಲಿದಾಗ ತಮ್ಮ ಹೊಣೆ ಎಷ್ಟು ಕದಲುತ್ತದೆ ಎಂಬುದು ದಿನವೂ ಗೊತ್ತಿರಬೇಕು. ಈ ಕದಲಿಕೆಯ ಪ್ರಮಾಣವೇ ಡೆಲ್ಟಾ. ದರದೊಂದಿಗೆ ಡೆಲ್ಟಾ ಬದಲಾಗುವ ವೇಗ ಗಾಮಾ. ಕೊಬ್ಬರಿಯನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 12 ಸಮ ಕಂತು. ಸರಾಸರಿ ಕ್ವಿಂಟಲ್‌ಗೆ 12,000 ರೂ.ಗಿಂತ ಇಳಿದರೆ ಕೊರತೆ ತುಂಬಿಕೊಡುವ ಕರಾರು ಎಂದಿಟ್ಟುಕೊಳ್ಳಿ. ಮೊದಲ ಕಂತಿಗೂ ಮುಂಚೆ ದರ 100 ರೂ. ಕುಸಿದು ಅಲ್ಲೇ ನಿಂತರೆ ಸರಾಸರಿಯೂ 100 ರೂ. ಕುಸಿಯುತ್ತದೆ. 9 ಕಂತು ಮಾರಿದ ಮೇಲೆ ಅದೇ ಕುಸಿತ ತಟ್ಟುವುದು ಉಳಿದ ಮೂರಕ್ಕೆ ಮಾತ್ರ. ಸರಾಸರಿ ಇಳಿಯುವುದು 25 ರೂ. ಅಂದರೆ ಪ್ರತಿ ಹರಾಜು ಮುಗಿದಂತೆ ಅಪಾಯದ ಒಂದು ಪಾಲು ಕರಗುತ್ತದೆ. ಈ ಆಪ್ಷನ್‌ನ ಸೊಗಸೇ ಇದು.

ಡೆಲ್ಟಾ ತಿಳಿಯಲು ಮೊದಲೆಲ್ಲ ಆರಂಭದ ದರವನ್ನು ಚೂರು ಬದಲಿಸಿ ಇಡೀ ಲೆಕ್ಕವನ್ನು ಮತ್ತೆ ಮಾಡುತ್ತಿದ್ದರು. 1996ರಲ್ಲಿ ಮಾರ್ಕ್ ಬ್ರಾಡಿ ಮತ್ತು ಪಾಲ್ ಗ್ಲಾಸರ್‌ಮನ್ ಒಂದೇ ಸುತ್ತಿನಲ್ಲಿ ಬೆಲೆ, ಡೆಲ್ಟಾ ಎರಡನ್ನೂ ಪಡೆಯುವ ದಾರಿ ತೋರಿಸಿದರು. ಆರಂಭದ ದರ ಶೇ 1 ಏರಿದರೆ ಪ್ರತಿ ಹಾದಿಯ ಸರಾಸರಿಯೂ ಶೇ 1 ಏರುತ್ತದೆ; ಹಣ ಕೊಡಬೇಕಾಗಿ ಬರುವ ಹಾದಿಗಳಲ್ಲಿ ಇದನ್ನು ಎಣಿಸಿದರೆ ಸಾಕು. ಗಾಮಾಕ್ಕೆ ಈ ಉಪಾಯ ಸಾಲದು. ಕೊಡುವ–ಕೊಡದ ಗೆರೆಯಲ್ಲಿ ಲೆಕ್ಕ ಥಟ್ಟನೆ ಮುರಿಯುತ್ತದೆ. ಅಲ್ಲಿ ಹಾದಿಗಳ ಸಂಭವನೀಯತೆಯನ್ನೇ ತೂಗುವ ವಿಧಾನ ಬೇಕಾಯಿತು. 1999ರಲ್ಲಿ ಫುರ್ನಿಯೆ, ಲಾಸ್ರಿ, ಲೆಬುಶೊ, ಲಿಯೋನ್ಸ್, ತೂಜಿ ಅದಕ್ಕೆ ಯಾದೃಚ್ಛಿಕ ಹಾದಿಗಳ ಗಣಿತವಾದ ಮಾಲಿಯಾವಾನ್ ಕಲನಶಾಸ್ತ್ರದ ಬಲ ಕೊಟ್ಟರು.

ತಿಪಟೂರಿಗೆ ಇಂಥ ಕರಾರಿನ ಅಗತ್ಯ ಕಣ್ಣಿಗೆ ಕಾಣುವಂತಿದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್ಲಿಗೆ 11,750 ರೂ. ಇದ್ದರೂ ಪೇಟೆ ದರ 9,000 ರೂ.ಗಿಂತ ಕೆಳಗಿಳಿದಿತ್ತು, 2025ರಲ್ಲಿ 25,000 ರೂ. ದಾಟಿತು. ಬೆಂಬಲ ಬೆಲೆಗೆ ಕೊಳ್ಳುವ ನ್ಯಾಫೆಡ್ ಖರೀದಿ ಕೇಂದ್ರ ವರ್ಷವಿಡೀ ತೆರೆದಿರುವುದಿಲ್ಲ, ಅಟ್ಟದ ಕಾಯಿ ಒಣಗುವುದೂ ಅದರ ದಿನಾಂಕ ನೋಡಿಕೊಂಡಲ್ಲ. ಸರಾಸರಿ ದರಕ್ಕೆ ಖಾತರಿ ಕೊಡುವ ಕರಾರು ಈ ಸೀಮೆಗೆ ಹೇಳಿ ಮಾಡಿಸಿದಂತಿದೆ. ಎಪಿಎಂಸಿಯ ಹರಾಜು ದರಗಳು ದಾಖಲೆಯಲ್ಲಿವೆ, ಗಣಿತವೂ ಸಿದ್ಧವಿದೆ. ತೆಂಗು ಬೆಳೆಗಾರರ ಸಂಘಗಳು, ಕೃಷಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಒಟ್ಟಿಗೆ ಕೂತು ಈ ಲೆಕ್ಕವನ್ನು ಕೊಬ್ಬರಿಗೆ ಹಾಕಿ ನೋಡಬೇಕು.