ಅವಳಿಗಳಲ್ಲಿ ಒಂದು ಹೊಟ್ಟೆಯಲ್ಲೇ ತೀರಿಕೊಂಡರೆ ತಾಯಿಗೆ ನಂಜೇರುತ್ತದೆಯೇ?

ಅವಳಿ ಕೂಸುಗಳಲ್ಲಿ ಒಂದರ ಎದೆಬಡಿತ ನಿಂತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ತಿಳಿದರೆ ಮನೆಯವರಿಗೆ ಮೊದಲು ಕಾಡುವ ಭಯ ಒಂದೇ: ‘ಸತ್ತ ಕೂಸಿನ ನಂಜು ತಾಯಿಗೆ ಏರುತ್ತದೆ, ಕೂಡಲೇ ಹೆರಿಗೆ ಮಾಡಿಸಬೇಕು.’ ಹೀಗೆ ಅವಸರಪಟ್ಟರೆ ಬದುಕಿರುವ ಕೂಸು ದಿನ ತುಂಬದೆ ಹುಟ್ಟಿ ಅಪಾಯಕ್ಕೆ ಸಿಲುಕಬಹುದು. ಹಾಗೆಂದು ‘ಒಂದಾದರೂ ಉಳಿದಿದೆಯಲ್ಲ’ ಎಂದು ತಪಾಸಣೆ ಬಿಡುವುದೂ ಸರಿಯಲ್ಲ.

ನಂಜಿನ ಮಾತು ಎಷ್ಟು ನಿಜ?

ಗರ್ಭದಲ್ಲಿದ್ದ ಒಂದೇ ಕೂಸು ಸತ್ತು ಹಲವು ವಾರ ಒಳಗೇ ಉಳಿದರೆ, ಕೆಲವು ತಾಯಂದಿರಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುವುದುಂಟು. ಭಯದ ಮೂಲ ಅದು. ಅವಳಿ ಗರ್ಭದಲ್ಲಿ ಒಂದು ಮಾತ್ರ ತೀರಿಕೊಂಡಾಗ ಹೀಗಾಗುವುದು ಬಹಳ ಅಪರೂಪ. ಆದರೂ ಎಚ್ಚರಿಕೆಗಾಗಿ ವೈದ್ಯರು ರಕ್ತ ಪರೀಕ್ಷೆ ಮಾಡಿಸಬಹುದು. ನೀರಿನ ಚೀಲ ಒಡೆಯದಿದ್ದರೆ ಸಾಮಾನ್ಯವಾಗಿ ಸೋಂಕೂ ತಗಲುವುದಿಲ್ಲ. ಸತ್ತ ಕೂಸು ನಿಧಾನವಾಗಿ ಕುಗ್ಗುತ್ತದೆ. ಕೆಲವೊಮ್ಮೆ ಹೆರಿಗೆಯಲ್ಲಿ ಕಾಗದದಂತೆ ಚಪ್ಪಟೆಯಾಗಿ ಹೊರಬರುತ್ತದೆ.

ಮೊದಲ ಮೂರು ತಿಂಗಳಲ್ಲೇ ಒಂದು ಹೋದರೆ ಅದು ಕರಗಿ ಕಾಣೆಯಾಗುವುದೇ ಹೆಚ್ಚು. ಸ್ವಲ್ಪ ರಕ್ತಸ್ರಾವ ಆಗಬಹುದು. ಆಮೇಲೆ ಬಹುಪಾಲು ಗರ್ಭಗಳು ಒಂಟಿ ಕೂಸಿನ ಗರ್ಭದಂತೆಯೇ ಮುಂದುವರಿಯುತ್ತವೆ.

ಕೇಳಲೇಬೇಕಾದ ಪ್ರಶ್ನೆ: ಮಾಸು ಒಂದೋ, ಎರಡೋ?

ಪ್ರತಿ ಕೂಸಿಗೂ ಬೇರೆ ಮಾಸು (ಕೆಲವೆಡೆ ಇದನ್ನು ಕಸ ಎನ್ನುತ್ತಾರೆ) ಇದ್ದರೆ ಉಳಿದ ಕೂಸಿಗೆ ಅಪಾಯ ಕಡಿಮೆ. ಇಬ್ಬರಿಗೂ ಒಂದೇ ಮಾಸು ಇದ್ದರೆ ರಕ್ತನಾಳಗಳು ಒಂದಕ್ಕೊಂದು ಕೂಡಿರುತ್ತವೆ. ಒಂದು ಕೂಸು ಸಾಯುವ ಹೊತ್ತಿನಲ್ಲಿ ಇನ್ನೊಂದರ ರಕ್ತ ಆ ಕಡೆಗೆ ಹರಿದು, ಉಳಿದ ಕೂಸಿನ ಮಿದುಳಿಗೆ ಪೆಟ್ಟಾಗಬಹುದು. ಈ ಪೆಟ್ಟು ಆ ಕ್ಷಣದಲ್ಲೇ ಆಗಿಬಿಡುವುದರಿಂದ ಮರುದಿನ ಸಿಸೇರಿಯನ್ ಮಾಡಿದರೂ ಅದು ತಪ್ಪುವುದಿಲ್ಲ. ಆದ್ದರಿಂದ ಸ್ಕ್ಯಾನಿಂಗ್ ಮಾಡುತ್ತಾ ಕಾಯುವುದೇ ಹೆಚ್ಚಾಗಿ ಸರಿಯಾದ ದಾರಿ. ಕೆಲವು ವಾರಗಳ ನಂತರ ಕೂಸಿನ ಮಿದುಳಿನ ಎಂಆರ್‌ಐ ಬೇಕಾಗಬಹುದು.

ಮಾಸು ಎಷ್ಟಿದೆ ಎಂಬುದು 11ರಿಂದ 14ನೇ ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ದಿನ ಕಳೆದಂತೆ ಗುರುತಿಸುವುದು ಕಷ್ಟ. ಅದನ್ನು ತಾಯಿ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ.

ತಾಯಿಗೆ ಏನಾಗಬಹುದು?

ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು ಅವಧಿಪೂರ್ವ ಹೆರಿಗೆ. ಮೂರು ತಿಂಗಳು ದಾಟಿದ ಮೇಲೆ ಒಂದು ಕೂಸು ತೀರಿಕೊಂಡ ಗರ್ಭಗಳಲ್ಲಿ ಅರ್ಧಕ್ಕೂ ಹೆಚ್ಚು 37 ವಾರ ತುಂಬುವ ಮೊದಲೇ ಹೆರಿಗೆಯಾಗುತ್ತವೆ. ಬಿಪಿ ಏರುವುದು, ಮಾಸು ಮೊದಲೇ ಕಳಚಿ ರಕ್ತ ಹೋಗುವುದು, ನೀರು ಒಡೆದ ಮೇಲೆ ಸೋಂಕು ತಗಲುವುದು ಉಳಿದ ಅಪಾಯಗಳು. ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕೇ ಎಂದು ತಡಮಾಡದೆ ಕೇಳಿ. ಅದನ್ನು 72 ಗಂಟೆಯೊಳಗೆ ಕೊಡುವುದು ಒಳ್ಳೆಯದು.

ತಿಕೋಟಾ, ಬಬಲೇಶ್ವರದ ಕಡೆಯವರು ಏನು ಮಾಡಬೇಕು?

ಈ ಎರಡೂ ಊರುಗಳಿಂದ ವಿಜಯಪುರ ನಗರಕ್ಕೆ ಸುಮಾರು 20–25 ಕಿ.ಮೀ. ದಾರಿ. ಇಂತಹ ಗರ್ಭಿಣಿಯ ಹೆರಿಗೆ, ನವಜಾತ ಶಿಶುಗಳ ತೀವ್ರ ನಿಗಾ ಘಟಕ ಮತ್ತು ರಕ್ತ ಸಿಗುವ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು. ನಗರದ ಜಿಲ್ಲಾ ಆಸ್ಪತ್ರೆಯಲ್ಲೋ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೋ ಮೊದಲೇ ಹೆಸರು ಬರೆಸಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ.

ಹೊಟ್ಟೆ ಬಿಗಿದು ನೋವು ಬಂದರೆ, ನೀರು ಅಥವಾ ರಕ್ತ ಹೋದರೆ, ಜ್ವರ, ಜೋರು ತಲೆನೋವು, ಕಣ್ಣು ಮಂಜಾಗುವುದು ಕಂಡರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಪಪ್ಪಾಯ ತಿಂದಳು, ಗ್ರಹಣದಲ್ಲಿ ಹೊರಗೆ ಬಂದಳು ಎಂದು ಸೊಸೆಯನ್ನು ದೂರಬೇಡಿ. ಅವಳ ಹೊಟ್ಟೆಯಲ್ಲಿ ಒಂದು ಕೂಸು ಬೆಳೆಯುತ್ತಿದೆ, ಒಂದನ್ನು ಅವಳು ಕಳೆದುಕೊಂಡಿದ್ದಾಳೆ. ಆ ದುಃಖವನ್ನು ಹೇಳಿಕೊಳ್ಳಲು ಬಿಡುವುದೂ ಆರೈಕೆಯೇ.