ಕೆಸರು ಕೊಳೆಯನ್ನು ಕಳೆದ ಬಗೆ: ಮ್ಯಾಂಚೆಸ್ಟರಿನ ಶೋಧನಾಲಯದ ಪೂರ್ವವೃತ್ತ

ಮಹಾನಗರಗಳ ಕೊಳೆನೀರನ್ನು ಶುದ್ಧಿಗೊಳಿಸಿ ನದಿಗೆ ಬಿಡುವ ವಿದ್ಯೆಯ ಇತಿಹಾಸವನ್ನು ಹೇಳತಕ್ಕವರು ಸಾಮಾನ್ಯವಾಗಿ ಲಂಡನ್ನಿನಿಂದ ಪ್ರಾರಂಭಿಸುವುದುಂಟು. ಆದರೆ ೧೮೫೮ನೆಯ ಇಸವಿಯ ದುರ್ಗಂಧದ ತರುವಾಯ ಅಲ್ಲಿ ಕಟ್ಟಿದ ಕಾಲುವೆಗಳು ಮೊದಲು ಮಾಡಿದುದು ಹೊಲಸನ್ನು ಥೇಮ್ಸ್ ನದಿಯ ಕೆಳಗಣ ಭಾಗಕ್ಕೆ ಸಾಗಿಸುವ ಕೆಲಸವನ್ನಷ್ಟೆ. ಸಾಗಿಸುವುದು ಬೇರೆ, ಕಳೆಯುವುದು ಬೇರೆ. ಈ ಎರಡನೆಯ ವಿದ್ಯೆಗೆ ಇಂದಿಗೂ ಬಳಕೆಯಲ್ಲಿರುವ ರೂಪವು ದೊರೆತದ್ದು ಮ್ಯಾಂಚೆಸ್ಟರ್ ನಗರದ ಡೇವಿಹ್ಯೂಮ್ ಶೋಧನಾಲಯದ ಸಂಬಂಧದಿಂದ.

ಅರಳೆಯ ಗಿರಣಿಗಳಿಂದ ಬೆಳೆದ ಆ ನಗರದ ಹೊಲಸು ಹತ್ತೊಂಬತ್ತನೆಯ ಶತಮಾನದಲ್ಲಿ ಇರ್ವೆಲ್ ನದಿಗೂ ಅದರ ಉಪನದಿಗಳಿಗೂ ಬೀಳುತ್ತಿದ್ದಿತು. ೧೮೯೪ರಲ್ಲಿ ಹಡಗುಗಳ ಮಹಾಕಾಲುವೆಯು ತೆರೆಯಲ್ಪಟ್ಟಿತು; ಆ ವರ್ಷವೇ ಶೋಧನಾಲಯವೂ ಕೆಲಸವನ್ನಾರಂಭಿಸಿತು. ಮೊದಮೊದಲು ರಾಸಾಯನಿಕ ದ್ರವ್ಯಗಳನ್ನು ಬೆರೆಸಿ, ಗಸಿಯನ್ನು ತಳಕ್ಕಿಳಿಸಿ, ಆ ಕೆಸರನ್ನು ಹಡಗಿನಲ್ಲಿ ಒಯ್ದು ಕಡಲಿಗೆ ಸುರಿಯುತ್ತಿದ್ದರು. ಕೆಸರೆಂದರೆ ಹೇಗಾದರೂ ತೊಲಗಿಸಬೇಕಾದ ಪೀಡೆಯೆಂಬುದೇ ಅಂದಿನ ಎಣಿಕೆ.

ಕೊಳೆನೀರು ನದಿಯನ್ನು ಕೊಲ್ಲುವುದು ವಿಷದಿಂದ ಮಾತ್ರವಲ್ಲ. ನೀರಿನಲ್ಲಿ ಕರಗಿರುವ ಆಮ್ಲಜನಕವು ಬಲು ಸ್ವಲ್ಪ. ೨೦ ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಲೀಟರಿಗೆ ಸುಮಾರು ೯ ಮಿಲಿಗ್ರಾಂ. ಹೊಲಸನ್ನು ತಿಂದು ಬೆಳೆಯುವ ಸೂಕ್ಷ್ಮಜೀವಿಗಳು ಈ ಅಲ್ಪ ನಿಧಿಯನ್ನು ಬರಿದುಮಾಡುತ್ತವೆ. ಮೀನುಗಳು ಉಸಿರುಕಟ್ಟಿ ಸಾಯುತ್ತವೆ. ಆದರೆ ನದಿಯು ತನ್ನನ್ನು ತಾನು ಶುದ್ಧಿಮಾಡಿಕೊಳ್ಳುವುದೂ ಆ ಜೀವಿಗಳಿಂದಲೇ. ಆದುದರಿಂದ ನದಿಯು ಹಲವು ಹರಿದಾರಿಗಳ ಉದ್ದಕ್ಕೂ ತನ್ನ ಪ್ರಾಣವನ್ನು ತೆತ್ತು ಮಾಡತಕ್ಕ ಕೆಲಸವನ್ನು ದಡದ ತೊಟ್ಟಿಯಲ್ಲಿಯೇ ಮುಗಿಸಬೇಕಾಗುವುದು. ೧೯೧೨ರಲ್ಲಿ ಬ್ರಿಟಿಷ್ ರಾಜನಿಯುಕ್ತ ಆಯೋಗವು, ಹೊರಬಿಡುವ ನೀರಿನ ತೇಲುಕಣಗಳು ಲೀಟರಿಗೆ ೩೦ ಮಿಲಿಗ್ರಾಮನ್ನೂ, ಐದು ದಿನಗಳಲ್ಲಿ ಅದು ಹೀರುವ ಆಮ್ಲಜನಕವು ೨೦ ಮಿಲಿಗ್ರಾಮನ್ನೂ ಮೀರಬಾರದೆಂದು ಸೂಚಿಸಿದುದರ ತಾತ್ಪರ್ಯವೂ ಇದೇ.

ಮ್ಯಾಂಚೆಸ್ಟರ್ ನಗರಸಭೆಗೆ ಸಲಹೆಗಾರರಾಗಿದ್ದ ರಸಾಯನಶಾಸ್ತ್ರಜ್ಞ ಗಿಲ್ಬರ್ಟ್ ಫೌಲರ್ ಅವರು ೧೯೧೨ರಲ್ಲಿ ಅಮೆರಿಕದ ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಕೊಳೆನೀರಿಗೆ ಗಾಳಿಯೂದುವ ಪ್ರಯೋಗಗಳನ್ನು ಕಂಡುಬಂದರು. ಅವರ ಸೂಚನೆಯಂತೆ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ಸೀಸೆಗಳಲ್ಲಿ ಅದೇ ಪ್ರಯೋಗಕ್ಕೆ ಕೈಹಾಕಿದರು. ಮೊದಲ ಸಲ ಶುದ್ಧಿಯು ಪೂರ್ಣವಾಗಲು ಸುಮಾರು ಐದು ವಾರಗಳು ಹಿಡಿದುವು. ಇಷ್ಟರಲ್ಲಿ ಹೊಸತೇನೂ ಇಲ್ಲ. ಹೊಸತಾದುದು ಮುಂದಿನ ಹೆಜ್ಜೆ: ತಿಳಿನೀರನ್ನು ಮಾತ್ರ ಬಸಿದು, ತಳದ ಕೆಸರನ್ನು ಚೆಲ್ಲದೆ ಉಳಿಸಿ, ಅದರ ಮೇಲೆಯೇ ಹೊಸ ಕೊಳೆನೀರನ್ನು ಸುರಿದು ಮತ್ತೆ ಗಾಳಿಯೂದಿದರು. ಆವರ್ತಿಸಿದಂತೆಲ್ಲ ಅವಧಿಯು ಕುಗ್ಗುತ್ತ ಬಂದು, ಕೊನೆಗೆ ಒಂದು ದಿನದೊಳಗೇ ಕೆಲಸವು ಮುಗಿಯತೊಡಗಿತು. ಪೀಡೆಯೆಂದೆಣಿಸಿದ ಕೆಸರೇ ಶೋಧಕವಾಗಿದ್ದಿತು! ನಿನ್ನೆಯ ಮೊಸರನ್ನು ಇಂದಿನ ಹಾಲಿಗೆ ಹೆಪ್ಪಾಗಿ ಉಳಿಸುವ ಗೃಹಿಣಿಯರಿಗೆ ಈ ತತ್ತ್ವವು ಅಪರಿಚಿತವಲ್ಲ. ಶಾಸ್ತ್ರಜ್ಞರಿಗೆ ಹೊಳೆಯಲು ತಡವಾಯಿತು. ೧೯೧೪ರ ಏಪ್ರಿಲ್ ೩ರಂದು ಓದಿದ ಪ್ರಬಂಧದಲ್ಲಿ ಅವರು ಇದನ್ನು ‘ಆಕ್ಟಿವೇಟೆಡ್ ಸ್ಲಡ್ಜ್’, ಎಂದರೆ ಚೇತನಗೊಂಡ ಕೆಸರು, ಎಂದು ಕರೆದರು.

ಕೀರ್ತಿಯು ಆರ್ಡರ್ನ್, ಲಾಕೆಟರಿಗೆ ಸಲ್ಲುವುದು ನ್ಯಾಯವೇ. ಆದರೆ ಕಥೆಯು ಅಲ್ಲಿಗೇ ಮುಗಿಯಿತೆಂಬಂತೆ ಬರೆಯುವ ರೂಢಿಯು ಸಾಧುವಲ್ಲ. ಫೌಲರ್ ಅವರು ೧೯೧೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದರು. ಆ ಸಂಸ್ಥೆಯಲ್ಲಿದ್ದ ಎಸ್. ಸಿ. ಪಿಳ್ಳೆ ಮತ್ತು ವಿ. ಸುಬ್ರಹ್ಮಣ್ಯನ್ ಅವರು ೧೯೪೨ರ ‘ನೇಚರ್’ ಪತ್ರಿಕೆಯಲ್ಲಿ, ಈ ಕೆಸರಿನ ಕಾರ್ಯದಲ್ಲಿ ಬ್ಯಾಕ್ಟೀರಿಯಗಳಲ್ಲದೆ ಪ್ರೊಟೊಜೋವ ಎಂಬ ಏಕಕೋಶಜೀವಿಗಳಿಗೂ ಮುಖ್ಯಸ್ಥಾನವುಂಟೆಂದು ಪ್ರತಿಪಾದಿಸಿದರು. ಚೆದರಿದ ಬ್ಯಾಕ್ಟೀರಿಯಗಳನ್ನು ಇವು ತಿಂದುಹಾಕುವುದರಿಂದ ಹೊರನೀರು ತಿಳಿಯಾಗುವುದೆಂಬುದು ಇಂದು ಒಪ್ಪಿತವಾದ ಸಂಗತಿ. ಅದೇ ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ, ಯಾವ ಶೋಧನಾಲಯವನ್ನೂ ಮುಟ್ಟದೆ ಹರಿದ ಕೊಳೆನೀರು ನೆರೆದು ನೊರೆಯುಕ್ಕಿದುದೂ, ೨೦೧೭ರಲ್ಲಿ ಕೆರೆಯ ಮೇಲೆ ಬೆಂಕಿಯೆದ್ದುದೂ ಈ ಚರಿತ್ರೆಯೊಳಗೇ ಸೇರತಕ್ಕವು. ಆ ನೀರು ವರ್ತೂರು ಕೆರೆಯನ್ನು ಹಾದು ದಕ್ಷಿಣಪಿನಾಕಿನಿಯನ್ನು ಕೂಡುತ್ತದೆ.